ಪರ್ಸಿನಲ್ಲಿ ಮಲಗುವ ಬೀಗದ ಕೈ: ಹಳೇ ಕಾರ್ಡಿನಿಂದ ತುರ್ತು ಕೀ ಮಾಡಿಕೊಳ್ಳುವ ಬಗೆ

ಪ್ಲಾಸ್ಟಿಕ್ ಕೀ ಬೀಗವನ್ನು ತಿರುಗಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಪ್ಲಾಸ್ಟಿಕ್ ಕೀ ಬೀಗದೊಳಗಿನ ಪಿನ್ನುಗಳನ್ನು ಎತ್ತುತ್ತದೆ, ಅಷ್ಟೇ. ತಿರುಗಿಸುವ ಕೆಲಸಕ್ಕೆ ಬೇರೆ ಲೋಹದ ತುಂಡು ಬೇಕು. ಕಾರ್ಡ್ ಕತ್ತರಿಸಿ, ಬೀಗಕ್ಕೆ ತೂರಿಸಿ, ಮಾಮೂಲಿ ಕೀ ತಿರುಗಿಸಿದ ಹಾಗೆ ತಿರುಗಿಸಿದರೆ ಅರ್ಧ ಕೈಯಲ್ಲಿ ಉಳಿಯುತ್ತದೆ, ಅರ್ಧ ಬೀಗದಲ್ಲಿ ಉಳಿಯುತ್ತದೆ. ಆಮೇಲೆ ಒಳ್ಳೆಯ ಕೀ ಸಿಕ್ಕಿದರೂ ಅದು ಒಳಗೆ ಹೋಗುವುದಿಲ್ಲ.

"ಸುಮ್ನೆ ಇನ್ನೊಂದು ಕೀ ಮಾಡಿಸಿಟ್ಟುಕೊಳ್ಳಬಾರದಾ ಅಪ್ಪಾ" ಎಂದು ನನ್ನ ಮಗಳು ಕೇಳುತ್ತಾಳೆ. ಮಾಡಿಸಬೇಕು, ಮಾಡಿಸಿಯೂ ಇದ್ದೇನೆ. ಆದರೆ ಆ ಹಿತ್ತಾಳೆ ಕೀಯನ್ನು ಎಲ್ಲಿಡುವುದು? ಗೊಂಚಲಿನಲ್ಲಿ ಇಟ್ಟರೆ ಗೊಂಚಲಿನ ಜೊತೆಗೇ ಕಳೆಯುತ್ತದೆ. ಮನೆಯೊಳಗೆ ಇಟ್ಟರೆ ಹೊರಗೆ ನಿಂತವನಿಗೆ ಏನು ಪ್ರಯೋಜನ? ಹೂಕುಂಡದ ಕೆಳಗೆ ಇಡುವುದು ಕಳ್ಳನಿಗೂ ಗೊತ್ತಿರುವ ಜಾಗ. ಕಾರ್ಡಿನಷ್ಟೇ ತೆಳ್ಳಗಿರುವ ಕೀಯಾದರೆ ಪರ್ಸಿನಲ್ಲಿ ಉಳಿದ ಕಾರ್ಡುಗಳ ನಡುವೆ ಮಲಗಿರುತ್ತದೆ. ಬಾಗಿಲು ತಾನಾಗಿಯೇ ಲಾಕ್ ಆಗುವ ಮನೆಯಲ್ಲಿ ಇರುವವರಿಗೆ ಇದರ ಬೆಲೆ ಗೊತ್ತು.

ನಾನು ಬೀಗ ರಿಪೇರಿಯವನಲ್ಲ. ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತನಾದವನು. ಅದಕ್ಕೇ ಗೆರೆಯ ದಪ್ಪದ ಬಗ್ಗೆ ಮುಂದೆ ಸ್ವಲ್ಪ ಜಾಸ್ತಿ ಕೊರೆದರೆ ಸಹಿಸಿಕೊಳ್ಳಿ. ಇನ್ನೊಂದು ವಿಷಯ: ಇದು ನಿಮ್ಮ ಬೀಗ, ನಿಮ್ಮ ಕೀ, ಅಸಲಿ ಕೀ ನಿಮ್ಮ ಕೈಯಲ್ಲಿರುವಾಗ ಮಾಡಿಕೊಳ್ಳುವ ಕೆಲಸ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಒಂದು ಮಾತು ಹೇಳಿ. ಆಫೀಸಿನ ಕೀ, ಹಾಸ್ಟೆಲಿನ ಕೀ, "ನಕಲು ಮಾಡಬಾರದು" ಎಂದು ಮೇಲೆ ಕೊರೆದಿರುವ ಕೀ, ಇವುಗಳ ತಂಟೆಗೆ ಹೋಗಬೇಡಿ.

ಯಾವ ಬೀಗಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಮೊದಲು ನೋಡಿಕೊಳ್ಳಿ. ಚಪ್ಪಟೆ ಕೀ, ಒಂದು ಅಂಚಿನಲ್ಲಿ ಬೆಟ್ಟಗುಡ್ಡದ ಹಾಗೆ ಏರಿಳಿತ ಇದ್ದರೆ ಅದು ಪಿನ್ನಿನ ಬೀಗ. ಇದಕ್ಕೆ ಆಗುತ್ತದೆ. ಮೇಜಿನ ಡ್ರಾಯರ್, ಅಂಚೆಪೆಟ್ಟಿಗೆ, ಸಣ್ಣ ಕಬೋರ್ಡುಗಳ ಬೀಗದೊಳಗೆ ಪಿನ್ನಿನ ಬದಲು ತೆಳು ತಗಡುಗಳಿರುತ್ತವೆ. ಅವು ಇನ್ನೂ ಸುಲಭ, ತಿರುಗಿಸಲು ಜೋರೂ ಬೇಡ. ಕೈ ಪಳಗಿಸಿಕೊಳ್ಳಲು ಡ್ರಾಯರಿನಿಂದಲೇ ಶುರು ಮಾಡಿ.

ಗುಂಡು ಕಡ್ಡಿಯ ತುದಿಯಲ್ಲಿ ಮಾತ್ರ ಹಲ್ಲಿರುವ ದಪ್ಪ ಕೀಗಳು ಲಿವರ್ ಬೀಗದವು. ಅಲ್ಲಿ ಆ ಹಲ್ಲೇ ಒಳಗಿನ ಚಿಲಕವನ್ನೂ ತಳ್ಳಬೇಕು. ಪ್ಲಾಸ್ಟಿಕ್ಕಿಗೆ ಆ ಶಕ್ತಿ ಇಲ್ಲ. ಅಂಚಿನಲ್ಲಿ ಹಲ್ಲಿಲ್ಲದೆ ಮೈಮೇಲೆ ಗುಳಿಗಳಿರುವ ಕೀಗೂ ಈ ವಿಧಾನ ಆಗುವುದಿಲ್ಲ, ಕಾರ್ಡಿನ ದಪ್ಪದಲ್ಲಿ ಆ ಗುಳಿಗಳು ಹಿಡಿಸುವುದಿಲ್ಲ. ಕಾರಿನ ಕೀಯ ಕಥೆ ಬೇರೆ. ಕಾರಿನೊಳಗೆ ಕೀ ಬಿಟ್ಟು ಬಾಗಿಲು ಹಾಕಿಕೊಂಡವರಿಗೆ ಬಾಗಿಲು ತೆಗೆಯುವಷ್ಟಕ್ಕೆ ಕೆಲವು ಹಳೆ ಗಾಡಿಗಳಲ್ಲಿ ಉಪಯೋಗ ಆಗಬಹುದು. ಈಗಿನ ಗಾಡಿಗಳ ಕೀಯಲ್ಲಿ ಚಿಪ್ ಇರುತ್ತದೆ. ಚಿಪ್ಪಿನ ಗುರುತು ಸಿಗದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಪಿನ್ನಿನ ಬೀಗದೊಳಗೆ ಏನು ನಡೆಯುತ್ತದೆ ಎನ್ನುವುದು ಗೊತ್ತಿದ್ದರೆ ಎಲ್ಲಿ ಜಾಗ್ರತೆ ಬೇಕು ಎನ್ನುವುದೂ ತಾನಾಗಿಯೇ ಗೊತ್ತಾಗುತ್ತದೆ. ಈಗ ನಾವು ಬಳಸುವ ಈ ಚಪ್ಪಟೆ ಕೀಯ ಬೀಗಕ್ಕೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದರು. ಕೀ ತೂರಿಸುವ ಉರುಳೆ ನಡುವೆ ಇರುತ್ತದೆ, ಅದರ ಸುತ್ತ ಕದಲದ ಕವಚ. ಎರಡನ್ನೂ ಹಾಯ್ದು ಸಾಲಾಗಿ ತೂತುಗಳು. ಒಂದೊಂದು ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್ನು, ಅದರ ಮೇಲೊಂದು ಸ್ಪ್ರಿಂಗ್. ಕೀಯ ಹಲ್ಲು ಪಿನ್ನನ್ನು ಎತ್ತಿದಾಗ ಎರಡು ಪಿನ್ನುಗಳ ನಡುವಿನ ಸಂದು, ಉರುಳೆ ಮತ್ತು ಕವಚದ ನಡುವಿನ ಸಂದಿಗೆ ಸರಿಯಾಗಿ ಬರಬೇಕು. ಎಲ್ಲ ಪಿನ್ನೂ ಹಾಗೆ ಬಂದರೆ ಉರುಳೆ ಬಿಡುಗಡೆಯಾಗುತ್ತದೆ. ಒಂದು ಪಿನ್ನು ಹೆಚ್ಚು ಎದ್ದರೂ ಆಗದು, ಕಡಿಮೆ ಎದ್ದರೂ ಆಗದು.

ಎಷ್ಟು ಹೆಚ್ಚು, ಎಷ್ಟು ಕಡಿಮೆ? ಅಮೆರಿಕದ ಷ್ಲೇಗ್ ಬೀಗಗಳಲ್ಲಿ ಹಲ್ಲಿನ ಒಂದು ಹಂತಕ್ಕೂ ಮುಂದಿನ ಹಂತಕ್ಕೂ 0.38 ಮಿಲಿಮೀಟರ್ ವ್ಯತ್ಯಾಸ. ಕ್ವಿಕ್‌ಸೆಟ್ ಬೀಗಗಳಲ್ಲಿ 0.58. ಅಂದರೆ ಬಾಲ್‌ಪೆನ್ನಿನ ಒಂದು ಗೆರೆಯ ದಪ್ಪದಷ್ಟು ತಪ್ಪಿದರೆ ಅದು ಬೇರೆಯೇ ಬೀಗದ ಕೀ ಆಗಿಬಿಡುತ್ತದೆ. ನಾನು ಗೆರೆಯ ವಿಷಯದಲ್ಲಿ ಪೀಡಿಸುವುದು ಇದಕ್ಕೇ.

ಸಮಾಧಾನದ ಸಂಗತಿಯೂ ಇದೆ. ಸ್ಪ್ರಿಂಗುಗಳು ಬಹಳ ಮೆದು. ಪಿನ್ನು ಎತ್ತಲು ಜೋರೇ ಬೇಡ. ಅಷ್ಟಕ್ಕೆ ಪ್ಲಾಸ್ಟಿಕ್ ಧಾರಾಳ ಸಾಕು.

ಈಗ ಯಾವ ಪ್ಲಾಸ್ಟಿಕ್? ಹಳೇ ಎಟಿಎಂ ಕಾರ್ಡ್, ಸದಸ್ಯತ್ವದ ಕಾರ್ಡ್, ಹೋಟೆಲ್ ರೂಮಿನ ಕಾರ್ಡ್. ಬ್ಯಾಂಕ್ ಕಾರ್ಡುಗಳ ಅಳತೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಉದ್ದ 85.6 ಮಿ.ಮೀ., ಅಗಲ 53.98, ದಪ್ಪ 0.76. ಮನೆ ಬಾಗಿಲಿನ ಲೋಹದ ಕೀ ಸಾಮಾನ್ಯವಾಗಿ ಎರಡು ಮಿಲಿಮೀಟರಿನ ಆಸುಪಾಸು ದಪ್ಪ. ಹಾಗಾಗಿ ಕಾರ್ಡ್ ಬೀಗದ ತೂತಿನಲ್ಲಿ ಸಡಿಲವಾಗಿಯೇ ಹೋಗುತ್ತದೆ. ಇದು ದೋಷವಲ್ಲ, ಅನುಕೂಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ನನ್ನ ಈಗಿನ ಕೀ ಒಂದು ಹಳೇ ಜಿಮ್ ಕಾರ್ಡಿನದು. ಆ ಜಿಮ್ಮಿನಿಂದ ನನಗಾದ ದೊಡ್ಡ ಉಪಯೋಗ ಇದೇ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ.

ಕಾರ್ಡಿನಲ್ಲಿ ಉಬ್ಬು ಅಕ್ಷರ ಇಲ್ಲದ, ಚಿಪ್ ಇಲ್ಲದ ಸಮತಟ್ಟು ಜಾಗವನ್ನೇ ಆರಿಸಿ. ಬ್ಯಾಂಕ್ ಕಾರ್ಡಾದರೆ ಅವಧಿ ಮುಗಿದದ್ದೋ ರದ್ದಾದದ್ದೋ ಎಂದು ಖಾತ್ರಿ ಮಾಡಿಕೊಂಡು, ಮಿಕ್ಕ ಭಾಗದ ಚಿಪ್ಪನ್ನೂ ಹಿಂದಿನ ಕಪ್ಪು ಪಟ್ಟಿಯನ್ನೂ ತುಂಡು ಮಾಡಿ. ತಾಗಿಸಿದರೆ ಹಣ ಕಟ್ಟಾಗುವ ಕಾರ್ಡುಗಳೊಳಗೆ ಕೂದಲಿನಂಥ ಲೋಹದ ತಂತಿ ಸುತ್ತಿರುತ್ತದೆ. ಕತ್ತರಿಸುವಾಗ ಅದು ಎದ್ದು ಬಂದರೆ ಆ ಜಾಗ ಬಿಟ್ಟುಬಿಡಿ.

ಕಾರ್ಡ್ ಇಲ್ಲದಿದ್ದರೆ ಶಾಂಪೂ ಬಾಟಲಿಯ ಪಕ್ಕ, ಡಬ್ಬದ ಮುಚ್ಚಳ ಇವುಗಳಲ್ಲೂ ಆಗುತ್ತದೆ, ಆದರೆ ನನಗೆ ಅಷ್ಟು ಇಷ್ಟವಿಲ್ಲ. ತಳದಲ್ಲಿರುವ ತ್ರಿಕೋನದೊಳಗೆ 2 ಅಥವಾ 5 ಇದ್ದರೆ ಆ ಪ್ಲಾಸ್ಟಿಕ್ ಮುರಿಯುವುದಿಲ್ಲ, ಆದರೆ ಮೆದು. ಪಿನ್ನು ಒತ್ತಿದಾಗ ಪಕ್ಕಕ್ಕೆ ಬಾಗಿ ನುಣುಚಿಕೊಳ್ಳುತ್ತದೆ. 6 ಇದ್ದರೆ ಕೈಬಿಡಿ. ಬಿಸಾಡುವ ಲೋಟ, ಸಿಡಿ ಡಬ್ಬಿಯ ಆ ಗಡಸು ಪ್ಲಾಸ್ಟಿಕ್ ಬಾಗದೆ ಪಟ್ಟನೆ ಮುರಿಯುತ್ತದೆ, ಅದೂ ಬೀಗದೊಳಗೇ. ನೀರಿನ ಬಾಟಲಿಯದು ತೀರಾ ತೆಳು, ಸುರುಳಿ ಸುತ್ತಿಕೊಳ್ಳುತ್ತದೆ.

ಕೀಯ ಆಕಾರವನ್ನು ಕಾರ್ಡಿಗೆ ಇಳಿಸಲು ಮೂರು ದಾರಿ ಇದೆ.

ಸರಳವಾದದ್ದು ಗೀಚುವುದು. ಕೀಯನ್ನು ಕಾರ್ಡಿನ ಮೇಲೆ ಗಮ್ ಟೇಪಿನಿಂದ ಅಲ್ಲಾಡದಂತೆ ಅಂಟಿಸಿ, ಹೊಲಿಗೆ ಸೂಜಿಯಿಂದ ಸುತ್ತ ಗೀಚಿ. ಪೆನ್ನು ಬೇಡ, ಮಾರ್ಕರ್ ಅಂತೂ ಬೇಡವೇ ಬೇಡ. ಸೂಜಿಯನ್ನು ನೆಟ್ಟಗೆ ಹಿಡಿಯಬೇಕು. ಓರೆ ಮಾಡಿದರೆ ಗೆರೆ ಕೀಯ ಅಡಿಗೆ ಜಾರುತ್ತದೆ ಇಲ್ಲವೇ ಹೊರಗೆ ಸರಿಯುತ್ತದೆ. ಗೀಚಿದ ಗೆರೆ ಯಾವಾಗಲೂ ಕೀಗಿಂತ ಕೂದಲೆಳೆ ಹೊರಗಿರುತ್ತದೆ ಎಂದು ನೆನಪಿಡಿ. ಕತ್ತರಿಸುವಾಗ ಗೆರೆಯ ಒಳ ಅಂಚು ನಿಮ್ಮ ಗುರಿ.

ಎರಡನೆಯದು ಸ್ಕ್ಯಾನ್ ಮಾಡಿ ಮುದ್ರಿಸಿ ಕಾರ್ಡಿಗೆ ಅಂಟಿಸುವುದು. ಇದರಲ್ಲಿ ಪ್ರಿಂಟರ್ ಮೋಸ ಮಾಡುತ್ತದೆ. ಪುಟಕ್ಕೆ ಹೊಂದಿಸುವ ಆಯ್ಕೆ ತಾನಾಗಿಯೇ ಆನ್ ಆಗಿದ್ದರೆ ಚಿತ್ರ ಸ್ವಲ್ಪ ಕುಗ್ಗಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. 100 ಶೇಕಡಾ ಎಂದೇ ಇಟ್ಟು ಮುದ್ರಿಸಿ. ಆಮೇಲೆ ಅಸಲಿ ಕೀಯನ್ನು ಕಾಗದದ ಮೇಲಿಟ್ಟು ಬುಡದಿಂದ ತುದಿಯವರೆಗೆ ತಾಳೆ ನೋಡಿ. ಫೋನಿನಲ್ಲಿ ತೆಗೆದ ಫೋಟೋ ಇದಕ್ಕೆ ಆಗದು. ಕ್ಯಾಮೆರಾ ತುಸು ಓರೆಯಾದರೂ ಹಲ್ಲುಗಳ ಅಂತರ ಹಾಳಾಗುತ್ತದೆ.

ನನಗೆ ಮೆಚ್ಚಿನದು ಮೂರನೆಯದು, ಮಸಿ ಹಿಡಿಸುವುದು. ಕೀಯ ತಲೆಯನ್ನು ಇಕ್ಕಳದಲ್ಲಿ ಹಿಡಿದು, ಹಲ್ಲಿನ ಭಾಗವನ್ನು ಮೇಣದ ಬತ್ತಿಯ ಜ್ವಾಲೆಗೆ ಹಿಡಿಯಿರಿ. ಒಂದು ಪಕ್ಕ ಪೂರ್ತಿ ಕಪ್ಪಾಗಲಿ. ಚೆನ್ನಾಗಿ ಆರಲು ಬಿಡಿ, ಬಿಸಿ ಕೀಗೆ ಟೇಪ್ ಹಾಕಿದರೆ ಅಂಟು ಕರಗುತ್ತದೆ. ಆರಿದ ಮೇಲೆ ಪಾರದರ್ಶಕ ಟೇಪನ್ನು ಮಸಿಯ ಮೇಲೆ ಒತ್ತಿ, ಎಳೆದುಕೊಂಡು, ಹಾಗೆಯೇ ಕಾರ್ಡಿನ ಮೇಲೆ ಅಂಟಿಸಿ. ಕೀಯ ಅಚ್ಚು ಅಂಚು ಸಮೇತ ಕಾರ್ಡಿಗೆ ಇಳಿದಿರುತ್ತದೆ, ಪೆನ್ನಿನ ದಪ್ಪದ ಗೋಳೇ ಇಲ್ಲ. ಇನ್ನೊಂದು ಲಾಭವೂ ಇದೆ: ಕೀಯ ಪಕ್ಕದಲ್ಲಿ ಉದ್ದಕ್ಕೂ ಕೊರೆದಿರುವ ತೋಡುಗಳ ಮಸಿ ಟೇಪಿಗೆ ಹತ್ತುವುದಿಲ್ಲ, ಅಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ. ಆ ತೋಡು ಎಲ್ಲಿದೆ ಎನ್ನುವುದು ಮುಂದೆ ಬೇಕಾಗುತ್ತದೆ. ಕೀಯ ತಲೆಗೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ, ಒಳಗೆ ಚಿಪ್ ಇದ್ದರೆ ಬೆಂಕಿಯ ಹತ್ತಿರ ಒಯ್ಯಲೇಬೇಡಿ. ಕೆಲಸ ಆದ ಮೇಲೆ ಅಸಲಿ ಕೀಯ ಮಸಿ ಒರೆಸಿಡಿ.

ಕತ್ತರಿಸುವುದರಲ್ಲಿ ಆತುರ ಬೇಡ. ಹಲ್ಲಿಲ್ಲದ ನೇರ ಅಂಚನ್ನು ಮೊದಲು ಸ್ಕೇಲ್ ಹಿಡಿದು ಬ್ಲೇಡಿನಿಂದ ತೆಗೆಯಿರಿ. ಸಾಧ್ಯವಾದರೆ ಕಾರ್ಡಿನ ಸ್ವಂತ ಅಂಚನ್ನೇ ಕೀಯ ನೇರ ಅಂಚಾಗಿ ಬಳಸಿ. ಕಾರ್ಖಾನೆಯಲ್ಲಿ ಕತ್ತರಿಸಿದ ಅಂಚಿಗಿಂತ ನೇರವಾದ ಅಂಚು ನಮ್ಮ ಕೈಯಲ್ಲಿ ಬರುವುದಿಲ್ಲ. ಈ ಅಂಚು ಬೀಗದ ತೂತಿನ ತಳದ ಮೇಲೆ ಕೂರುತ್ತದೆ, ಪಿನ್ನುಗಳ ಎತ್ತರವೆಲ್ಲ ಇಲ್ಲಿಂದಲೇ ಲೆಕ್ಕ. ಕೀ ಬಿಗಿಯಾಯಿತೆಂದು ಈ ಅಂಚನ್ನು ಉಜ್ಜಿದರೆ ಎಲ್ಲ ಹಲ್ಲೂ ಒಟ್ಟಿಗೆ ತಗ್ಗಾಗುತ್ತವೆ.

ಹಲ್ಲುಗಳನ್ನು ಗೆರೆಗಿಂತ ಸ್ವಲ್ಪ ಹೊರಗೇ ಸಣ್ಣ ಕತ್ತರಿಯಿಂದ ಕತ್ತರಿಸಿ, ಉಳಿದದ್ದನ್ನು ಉಗುರು ಉಜ್ಜುವ ಅರದಿಂದ ಇಳಿಸಿ. ಪ್ಲಾಸ್ಟಿಕ್ ತೆಗೆಯಬಹುದು, ವಾಪಸ್ ಹಾಕಲಾಗದು. ತಗ್ಗಿನ ತಳ ಚೂಪಾದ ಮೂಲೆಯಾಗಬಾರದು, ಕೊಂಚ ಗುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ದಿಬ್ಬಗಳ ಇಳಿಜಾರು ನಯವಾಗಿರಲಿ, ಪಿನ್ನುಗಳು ಅದರ ಮೇಲೆ ಹತ್ತಿ ಇಳಿಯಬೇಕು. ಎಲ್ಲೋ ಸಣ್ಣ ಮುಳ್ಳು ಉಳಿದಿದ್ದರೆ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಕೀಯ ಬುಡದಲ್ಲಿ ಒಂದು ಭುಜ ಇರುತ್ತದೆ, ಅದು ಬೀಗದ ಮುಖಕ್ಕೆ ತಾಗಿ ಕೀ ಎಷ್ಟು ಒಳಗೆ ಹೋಗಬೇಕೆಂದು ತಡೆಯುತ್ತದೆ. ಕಾರ್ಡಿನಲ್ಲೂ ಈ ಭುಜವನ್ನು ಉಳಿಸಿ ಕತ್ತರಿಸಲು ಜನ ಮರೆಯುತ್ತಾರೆ. ಭುಜ ಇಲ್ಲದಿದ್ದರೆ ಹಲ್ಲುಗಳೆಲ್ಲ ಸರಿಯಿದ್ದೂ ಪಿನ್ನುಗಳ ಅಡಿಗೆ ಸರಿಯಾಗಿ ಬರುವುದಿಲ್ಲ. ಹಿಡಿಗೆ ಕೀಯ ತಲೆಯ ಆಕಾರ ಬೇಡ. ಕಾರ್ಡಿನ ಉಳಿದ ಅಗಲವನ್ನು ಹಾಗೆಯೇ ಬಿಟ್ಟರೆ ಹಿಡಿಯಲು ಒಳ್ಳೆಯದು.

ತಾಳೆ ನೋಡಲು ಅಸಲಿ ಕೀ, ಪ್ಲಾಸ್ಟಿಕ್ ಕೀ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಹಲ್ಲಿನ ಅಂಚಿನ ಮೇಲೆ ಉಗುರು ಎಳೆಯಿರಿ. ಎಲ್ಲಿ ಮೆಟ್ಟಿಲು ಸಿಗುತ್ತದೋ ಅಲ್ಲಿ ಇನ್ನೂ ಉಜ್ಜಬೇಕು. ನನ್ನ ಕಣ್ಣಿಗಿಂತ ಉಗುರನ್ನು ನಾನು ಜಾಸ್ತಿ ನಂಬುತ್ತೇನೆ.

ಈಗ ಆ ಪಕ್ಕದ ತೋಡುಗಳ ವಿಷಯ. ಬೀಗದ ತೂತನ್ನು ಎದುರಿನಿಂದ ನೋಡಿ, ನೇರ ಸೀಳಲ್ಲ, ಅಂಕುಡೊಂಕು. ಒಳಕ್ಕೆ ಚಾಚಿದ ಏಣುಗಳು ಅಸಲಿ ಕೀಯ ತೋಡುಗಳಲ್ಲಿ ಕೂರುತ್ತವೆ. ಎರಡು ಮಿಲಿಮೀಟರ್ ದಪ್ಪದ ಕೀಗೆ ತೋಡು ಕೊರೆಯಲೇಬೇಕು. ಕಾರ್ಡ್ ತೆಳು, ಹಾಗಾಗಿ ಎಷ್ಟೋ ಬೀಗಗಳಲ್ಲಿ ಏನೂ ಕೊರೆಯದೆ ಏಣುಗಳ ನಡುವೆ ನುಸುಳಿಬಿಡುತ್ತದೆ. ಸಡಿಲವಾಗಿರುವುದು ಅನುಕೂಲ ಎಂದೆನಲ್ಲ, ಇದಕ್ಕೆ. ಏಣು ನಡುಗೆರೆಯನ್ನೂ ದಾಟಿ ಬಂದಿದ್ದರೆ ಮಾತ್ರ ಕಾರ್ಡ್ ತಡೆಯುತ್ತದೆ. ಆಗ ತೋಡು ಇರುವ ಸಾಲಿನಲ್ಲಿ ಬ್ಲೇಡಿನಿಂದ ಉದ್ದಕ್ಕೂ ಅರ್ಧ ದಪ್ಪದಷ್ಟು ಗೀರಿ, ಅಲ್ಲಿ ತುಸುವೇ ಮಡಚಿ. ಮಡಿಕೆ ಏಣನ್ನು ಬಳಸಿಕೊಂಡು ಹೋಗುತ್ತದೆ. ಗೀರುವಾಗ ಪೂರ್ತಿ ಸೀಳಬೇಡಿ. ಮಡಚಿದಷ್ಟೂ ಎತ್ತರ ತುಸು ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಪರೀಕ್ಷೆ ಮಾಡುವಾಗ ಬಾಗಿಲು ತೆರೆದಿರಲಿ, ಅಸಲಿ ಕೀ ಜೇಬಿನಲ್ಲಿರಲಿ. ಬಾಗಿಲು ತೆರೆದಿಟ್ಟೇ ಅಸಲಿ ಕೀಯಿಂದ ಬೀಗದ ನಾಲಗೆಯನ್ನು, ಅಂದರೆ ಚೌಕಟ್ಟಿನೊಳಗೆ ಹೋಗಿ ಕೂರುವ ಲೋಹದ ತುಂಡನ್ನು, ಹೊರಗೆ ಬರಿಸಿ, ಆಮೇಲೆ ಪ್ಲಾಸ್ಟಿಕ್ ಕೀಯಿಂದ ಒಳಗೆ ಕಳಿಸಲು ನೋಡಿ. ಬಾಗಿಲು ಹಾಕಿಕೊಂಡು ಹೊರಗೆ ನಿಂತು "ನೋಡೋಣ" ಎನ್ನುವ ಧೈರ್ಯ ಯಾರಿಗೂ ಬೇಡ.

ಪೆನ್ಸಿಲ್ ಸೀಸದ ಪುಡಿಯನ್ನು ಹಲ್ಲುಗಳಿಗೆ ಸವರಿ ನಿಧಾನವಾಗಿ ಒಳಗೆ ತಳ್ಳಿ. ಅಡುಗೆಯ ಎಣ್ಣೆ ಹಾಕಬೇಡಿ, ಅದು ದಿನ ಕಳೆದಂತೆ ಧೂಳು ಹಿಡಿದು ಅಂಟಾಗುತ್ತದೆ. ಕೀ ತಡೆದರೆ ಒತ್ತಬೇಡಿ, ಹಿಂದಕ್ಕೆ ಎಳೆದು ತುಸು ಮೇಲೆ ಕೆಳಗೆ ಮಾಡಿ ಮತ್ತೆ ಬಿಡಿ. ಭುಜ ಬೀಗದ ಮುಖಕ್ಕೆ ತಾಗಿತು ಎಂದರೆ ಪ್ಲಾಸ್ಟಿಕ್ಕಿನ ಕೆಲಸ ಮುಗಿಯಿತು.

ಈಗ ತಿರುಗಿಸುವವನು ಬರಬೇಕು. ಕಿರಿದಾದ ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ಅಥವಾ ಕಾರಿನ ಹಳೇ ವೈಪರ್ ರಬ್ಬರಿನೊಳಗೆ ಸಿಗುವ ಸ್ಟೀಲ್ ಪಟ್ಟಿ. ಈ ಪಟ್ಟಿಯ ಒಂದು ಚೋಟು ತುಂಡನ್ನು ನಾನು ಪ್ಲಾಸ್ಟಿಕ್ ಕೀಯ ಜೊತೆಗೇ ಪರ್ಸಿನಲ್ಲಿ ಇಟ್ಟಿದ್ದೇನೆ. ಪಟ್ಟಿಯನ್ನು ಪ್ಲಾಸ್ಟಿಕ್ಕಿನ ಪಕ್ಕದಲ್ಲಿ, ಹಲ್ಲಿಲ್ಲದ ಅಂಚಿನ ಕಡೆಗೆ, ಬೀಗದ ಬಾಯಿಯಲ್ಲಿ ಕೆಲವೇ ಮಿಲಿಮೀಟರ್ ತೂರಿಸಿ. ತುಂಬಾ ಒಳಗೆ ಹೋದರೆ ಪಿನ್ನುಗಳಿಗೆ ತಾಗುತ್ತದೆ. ಒಂದು ಕೈಯಲ್ಲಿ ಕಾರ್ಡ್ ಅಲ್ಲಾಡದಂತೆ ಹಿಡಿದು, ಇನ್ನೊಂದರಿಂದ ಪಟ್ಟಿಯನ್ನು ಮೆಲ್ಲಗೆ ತಿರುಗಿಸಿ. ಕಾರ್ಡ್ ಅದರ ಜೊತೆ ತಾನಾಗಿ ತಿರುಗಬೇಕು, ನೀವು ತಿರುಗಿಸಬಾರದು.

ತಿರುಗದಿದ್ದರೆ ಜೋರು ಮಾಡಬೇಡಿ. ಪಟ್ಟಿಯನ್ನು ಪೂರ್ತಿ ಸಡಿಲ ಬಿಡಿ. ಬಿಗಿ ಇರುವಾಗ ಪಿನ್ನುಗಳು ಕಚ್ಚಿಕೊಂಡಿರುತ್ತವೆ, ಆಗ ಕಾರ್ಡ್ ಅಲುಗಿಸಿ ಏನೂ ಲಾಭವಿಲ್ಲ. ಸಡಿಲ ಬಿಟ್ಟು, ಕಾರ್ಡನ್ನು ಕೂದಲಷ್ಟು ಹೊರಗೆಳೆದು ಅಥವಾ ಹಲ್ಲಿನ ಕಡೆಗೆ ತುಸು ಎತ್ತಿ, ಮತ್ತೆ ತಿರುಗಿಸಿ ನೋಡಿ. ಮುಚ್ಚಿದ ಬಾಗಿಲಾದರೆ ಹಿಡಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಇಲ್ಲವೇ ಒಳಕ್ಕೆ ಒತ್ತಿ. ನಾಲಗೆ ಚೌಕಟ್ಟಿಗೆ ಉಜ್ಜುತ್ತಿದ್ದರೆ ಆ ಭಾರ ಇಳಿಯುತ್ತದೆ. ಬೀಗ ತೆರೆಯದೇ ಇರುವುದಕ್ಕೆ ಎಷ್ಟೋ ಸಲ ಕೀ ಕಾರಣವೇ ಅಲ್ಲ, ಬಾಗಿಲು ಜೋತಿರುತ್ತದೆ.

ಬಳಸಿದ ಮೇಲೆ ಕೀಯನ್ನು ಬೆಳಕಿಗೆ ಹಿಡಿದು ನೋಡಿ. ತಗ್ಗುಗಳ ಸುತ್ತ ಪ್ಲಾಸ್ಟಿಕ್ ಬೆಳ್ಳಗಾಗಿದ್ದರೆ ಅದು ದಣಿದಿದೆ, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಹೊಸದು ಮಾಡಿ.

ಅಕಸ್ಮಾತ್ ಮುರಿದರೆ? ಉರುಳೆ ಅರೆಬರೆ ತಿರುಗಿದ ಸ್ಥಿತಿಯಲ್ಲಿದ್ದರೆ ತುಂಡು ಹೊರಗೆ ಬರುವುದಿಲ್ಲ, ಪಿನ್ನುಗಳು ಅದನ್ನು ಹಿಡಿದಿರುತ್ತವೆ. ಮೊದಲು ಸ್ಟೀಲ್ ಪಟ್ಟಿಯಿಂದ ಸೀಳನ್ನು ಕೀ ತೂರಿಸುವಾಗ ಇದ್ದ ಸ್ಥಾನಕ್ಕೇ ತನ್ನಿ. ತುಂಡಿನ ತುದಿ ಕಾಣುತ್ತಿದ್ದರೆ ಚಿಮುಟದಿಂದ ಹಿಡಿದು ನೇರವಾಗಿ ಎಳೆಯಿರಿ. ಒಳಗೆ ಹೋಗಿದ್ದರೆ ಸಣ್ಣ ಗರಗಸದ ತೆಳು ಬ್ಲೇಡನ್ನು ಹಲ್ಲು ನಿಮ್ಮ ಕಡೆಗಿರುವಂತೆ ತುಂಡಿನ ಪಕ್ಕ ತೂರಿಸಿ, ಪ್ಲಾಸ್ಟಿಕ್ಕಿಗೆ ಕಚ್ಚಿಸಿ ಎಳೆಯಿರಿ. ಕಡ್ಡಿಯ ತುದಿಗೆ ಸೂಪರ್ ಗ್ಲೂ ಹಚ್ಚಿ ತುಂಡನ್ನು ಅಂಟಿಸಿಕೊಂಡು ಎಳೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಒಂದು ಹನಿ ಪಿನ್ನಿಗೆ ತಾಗಿದರೆ ಬೀಗವನ್ನೇ ಬದಲಾಯಿಸಬೇಕಾಗುತ್ತದೆ.

ಇಡುವ ಜಾಗದ ಬಗ್ಗೆ ಎರಡು ಮಾತು. ಗಟ್ಟಿ ಕಾರ್ಡುಗಳ ನಡುವೆ ಇಡಿ, ಬಾಗುವುದಿಲ್ಲ. ಕಾರ್ಡಿನ ಪಿವಿಸಿ ಪ್ಲಾಸ್ಟಿಕ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ, ಹಾಗಾಗಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಸೊಟ್ಟಗಾದೀತು. ನನ್ನ ಹೆಂಡತಿ ಅವಳದ್ದನ್ನು ಫೋನಿನ ಕವರಿನ ಹಿಂದೆ ಇಟ್ಟಿದ್ದಾಳೆ, ಅದೂ ಒಳ್ಳೆಯ ಜಾಗವೇ. ಮನೆ ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್ ಜೊತೆ ಮಾತ್ರ ಇಡಬೇಡಿ. ಪರ್ಸ್ ಸಿಕ್ಕವನಿಗೆ ಬಾಗಿಲೂ ದಾರಿಯೂ ಒಟ್ಟಿಗೆ ಕೊಟ್ಟಂತಾಗುತ್ತದೆ, ಅಲ್ವಾ?

ಇಷ್ಟು ಸುಲಭವಾಗಿ ನೀವು ಮಾಡಿಕೊಳ್ಳಬಹುದಾದರೆ ಬೇರೆಯವರೂ ಮಾಡಿಕೊಳ್ಳಬಹುದು. ಹೊಸ ಮನೆಯ ಕೀಯನ್ನು ಕೈಯಲ್ಲಿ ಹಿಡಿದು ಫೋಟೋ ಹಾಕುವವರಿಗೆ ಇದು ಹೊಳೆಯುವುದಿಲ್ಲ. ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ, 195 ಅಡಿ ದೂರದಿಂದ ತೆಗೆದ ಫೋಟೋದಿಂದಲೇ ಕೀಯ ಹಲ್ಲುಗಳ ಅಳತೆ ಲೆಕ್ಕ ಹಾಕಿ ತೋರಿಸಿದರು. ಅವರ ಬಳಿ ಓರೆಯನ್ನು ಸರಿಪಡಿಸುವ ಕಂಪ್ಯೂಟರ್ ಪ್ರೋಗ್ರಾಂ ಇತ್ತು. ನೀವು ಸ್ಕ್ಯಾನ್ ಮಾಡಿದ್ದರೆ ಆ ಫೈಲನ್ನು ಅಳಿಸಿ, ಮಸಿಯ ಟೇಪನ್ನೂ ಚೂರು ಮಾಡಿ. ಹಳೇ ಪ್ಲಾಸ್ಟಿಕ್ ಕೀಯನ್ನು ಕಸಕ್ಕೆ ಹಾಕುವ ಮೊದಲು ಹಲ್ಲುಗಳನ್ನೆಲ್ಲ ಕತ್ತರಿಸಿಬಿಡಿ.

ಕೊನೆಗೆ ಒಂದು ಮಾತು. ಅಸಲಿ ಕೀ ನಿಜವಾಗಿಯೂ ಕಳೆದುಹೋಯಿತು ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕೀ ತೆಗೆದುಕೊಂಡು ಹೋಗಿ "ಇದರ ನಕಲು ಮಾಡಿಕೊಡಿ" ಎಂದು ಕೇಳಬೇಡಿ. ಕೀ ಕೊರೆಯುವ ಯಂತ್ರದಲ್ಲಿ ಒಂದು ಮೊಳೆ ಅಸಲಿ ಕೀಯ ಹಲ್ಲುಗಳ ಮೇಲೆ ಒತ್ತಿ ಹರಿಯುತ್ತದೆ, ಅದು ಹೋದ ದಾರಿಯಲ್ಲೇ ಚಕ್ರ ಹೊಸ ಕೀಯನ್ನು ಕೊರೆಯುತ್ತದೆ. ಆ ಒತ್ತಡಕ್ಕೆ ಕಾರ್ಡ್ ಬಾಗುತ್ತದೆ, ಅಳತೆ ತಪ್ಪುತ್ತದೆ. ಅದರ ಬದಲು ಪ್ಲಾಸ್ಟಿಕ್ಕಿನಿಂದ ಬಾಗಿಲು ತೆರೆದು ಒಳಗೆ ಹೋಗಿ, ಅಲ್ಲಿಟ್ಟಿರುವ ಹಿತ್ತಾಳೆ ಕೀಯನ್ನು ತನ್ನಿ. ಕೀ ಎಲ್ಲಿ ಬಿತ್ತು, ಯಾರ ಕೈಗೆ ಸಿಕ್ಕಿತು ಎಂಬುದು ಗೊತ್ತಿಲ್ಲದಿದ್ದರೆ ನಕಲೂ ಬೇಡ, ಬೀಗದ ಉರುಳೆಯನ್ನೇ ಬದಲಾಯಿಸಿ. ಆಗ ಜಿಮ್ ಕಾರ್ಡಿನ ಇನ್ನೊಂದು ಅಂಚು ಹೇಗೂ ಉಳಿದಿರುತ್ತದೆ.